ಆರಿಸಿಟ್ಟ ಸುರುಳಿ ಕೇಕು

ಕಳೆದ ಭಾನುವಾರ ಜಹೀರಾಬಾದಿನ ನಮ್ಮ ಅಡುಗೆಮನೆಯಲ್ಲಿ ಒಂದು ಕೇಕು ಮುರಿಯಿತು. ಕೆಡಿಸಿದವಳು ನಾನು. ಮಾತು ಕೇಳಿಸಿಕೊಂಡವಳು ನನ್ನ ತಂಗಿ.

ತಂಗಿ ಸುಮಾಳನ್ನು ನಾರಾಯಣಖೇಡಕ್ಕೆ ಕೊಟ್ಟಿದ್ದೇವೆ. ಮನೆಯಲ್ಲೇ ಕೇಕು ಮಾಡಿ ಮಾರಬೇಕೆಂಬುದು ಅವಳ ಆಸೆ. ಅತ್ತೆಯವರದು ಒಂದೇ ಶರತ್ತು: ‘ಮೊದಲ ನನಗ ಒಂದು ಮಾಡಿ ತಿನಸು. ಛಲೋ ಆದ್ರ ಓವನ್ ಕೊಡಸ್ತೀನಿ.’ ಅವರು ತಾಂಡೂರಿನ ಮಗಳ ಮನೆಯಿಂದ ಮರಳುವಾಗ ಅಂದು ನಮ್ಮಲ್ಲಿ ಊಟಕ್ಕೆ ಇಳಿಯುವವರಿದ್ದರು. ನಮ್ಮಲ್ಲಿ ಓವನ್ ಇದೆ. (ನಾನು ಅದರೊಳಗೆ ಹಪ್ಪಳದ ಡಬ್ಬಿ ಇಡುತ್ತೇನೆ, ಆ ಮಾತು ಬೇರೆ.)

ಸುಮಾ ಮಾಡಲು ಹೊರಟದ್ದು ಐಸ್‌ಲ್ಯಾಂಡಿನವರು ಹಬ್ಬಕ್ಕೆ ಮಾಡುವ ಚಾಕೊಲೇಟ್ ಸುರುಳಿ. ತೆಳ್ಳನೆಯ ಕಂದು ಕೇಕಿಗೆ ಬಿಳಿ ಬೆಣ್ಣೆ ಕ್ರೀಮು ಸವರಿ ಚಾಪೆಯಂತೆ ಸುತ್ತುವುದು. ಲಿಂಗ ಕಟ್ಟಿಕೊಂಡವರ ಅಡುಗೆಮನೆಗೆ ಮೊಟ್ಟೆ ಬರುವಂತಿದೆಯೇ? ಮೊಸರು ಹಾಕಿ ಮಾಡುವುದನ್ನು ಮೊದಲೇ ಇಲ್ಲಿಗೆ ಬಂದು ರೂಢಿ ಮಾಡಿಕೊಂಡಿದ್ದಳು. ಆಗ ಸುರುಳಿ ಚೆಂದ ಬಂದಿತ್ತು.

ಕೇಕು ಓವನ್ನಿನೊಳಗಿದ್ದಾಗಲೇ ಅತ್ತೆಯ ಫೋನು. ಬಸ್ಸು ಬೇಗ ಬಂದಿದೆ. ಸುಮಾ ಅವರನ್ನು ಕರೆತರಲು ಓಡುತ್ತಲೇ ಹೇಳಿದಳು:

‘ಅಕ್ಕಾ, ಗಂಟಿ ಹೊಡದ ಕೂಡ್ಲೆ ಸಕ್ರಿ ಉದುರಿಸಿದ ಬಟ್ಟಿ ಮ್ಯಾಲ ಬೋರಲ ಹಾಕು. ಬಿಸಿ ಇದ್ದಾಗೇ ಬಟ್ಟಿ ಸಮೇತ ಸುತ್ತಿಬಿಡು. ಆರಾಕ ಬಿಡಬ್ಯಾಡ!’

‘ಹೋಗ ಹೋಗ. ನನಗೇನ ಕಲಸ್ತಿ?’

ಗಂಟೆ ಹೊಡೆಯಿತು. ಬೋರಲು ಹಾಕಿದೆ. ಸುತ್ತಲಿಲ್ಲ. ಶೇಂಗಾ ಹೋಳಿಗೆಯನ್ನು ಹಂಚಿನಿಂದ ಇಳಿಸಿದ ಕೂಡಲೇ ಯಾರಾದರೂ ಮಡಚುತ್ತಾರೆಯೇ? ಬಟ್ಟೆಯ ಮೇಲೆ ಹರವಬೇಕು, ಆರಿದ ಮೇಲೆಯೇ ಮುಟ್ಟಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಒಲೆಯ ಮುಂದೆ ಕುಳಿತವಳು ನಾನು. ಒಲೆಯ ವಿಷಯದಲ್ಲೂ ಚಿಕ್ಕವಳ ಮಾತು ಕೇಳಬೇಕೇ?

ಫ್ಯಾನ್ ಹಚ್ಚಿದೆ. ಕೇಕು ಚೆನ್ನಾಗಿ ಆರಿತು.

ಬೀಗತಿ ಸೀದಾ ಅಡುಗೆಮನೆಗೇ ಬಂದರು. ‘ನಿಮ್ಮ ಅಂಕಣ ಒಂದ ವಾರಾನೂ ಬಿಡಂಗಿಲ್ರಿ ನಾ. ಖರೇ ಇದ್ದದ್ದೇ ಬರೀತೀರಿ ನೋಡ್ರಿ!’ ನಾನು ಉಬ್ಬಿದೆ. ಸುಮಾ ಚಪ್ಪಟೆಯಾಗಿ ಬಿದ್ದ ಕೇಕನ್ನು ನೋಡಿದಳು. ಕ್ರೀಮು ಸವರಿ ಸುತ್ತಲು ಹೊರಟಳು. ಮೊದಲ ಮಡಿಕೆಗೇ ಪಟ್ಟೆಂದು ಬಿರಿಯಿತು. ಆಮೇಲೆ ಇನ್ನೊಂದು ಕಡೆ.

‘ಇದೇನ ಸುಮಾ, ಕಟಕ ರೊಟ್ಟಿ ಮಾಡಿಯೇನ?’ ಬೀಗತಿ ನಕ್ಕರು. ಆಮೇಲೆ ನಗಲಿಲ್ಲ. ‘ಫೋನ್ ನೋಡಿ ಕಲ್ತದ್ದು ಇಷ್ಟೇ. ಜರಾ ಪಕ್ಕಾ ಕಲಿ. ಓವನ್ ಮಾತು ಮುಂದ ನೋಡೂಣು.’

ಸುಮಾ ನನ್ನ ಕಡೆ ನೋಡಿದಳು. ‘ಆರಿಸಿದಾಕಿ ನಾನ್ರಿ’ ಅಂದಿದ್ದರೆ ಸಾಕಿತ್ತು. ಮಾತು ಹಲ್ಲಿನ ಹಿಂದೆಯೇ ನಿಂತಿತು. (ವಾರವಾರವೂ ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಇದು!) ಕೊನೆಗೆ ಅವಳೇ ಅಂದಳು: ‘ಹೌದ್ರಿ ಅತ್ತಿ, ನಂದೇ ತಪ್ಪಾತು.’

ತುಂಡುಗಳನ್ನೇ ಬಟ್ಟಲಿಗೆ ಹಾಕಿ ಕೊಟ್ಟೆವು. ಬೀಗತಿ ಮತ್ತೊಮ್ಮೆ ಹಾಕಿಸಿಕೊಂಡರು. ರುಚಿಯನ್ನು ನಾನು ಮುಟ್ಟಿರಲಿಲ್ಲವಲ್ಲ!

ಅವರು ಹೊರಡುವಾಗ ಸುಮಾಳ ಕೈ ಹಿಡಿದೆ. ‘ಹೋಗ್ಲಿ ಬಿಡ ಅಕ್ಕಾ,’ ಅಂದಳು. ‘ಅವರ ಮುಂದ ನೀ ಸಣ್ಣಾಕಿ ಆಗೂದು ನನಗ ಬ್ಯಾಡಾಗಿತ್ತು.’

ಬೈದಿದ್ದರೆ ನಿದ್ದೆ ಬರುತ್ತಿತ್ತೇನೋ. ತಂಗಿಯ ಮೂಗು ಒರೆಸಿ ಬೆಳೆಸಿದ ಕೈಗೆ ಅವಳಿಂದ ಕಲಿಯುವುದು ಯಾಕಿಷ್ಟು ಕಷ್ಟ? ನಿಮ್ಮ ಮನೆಗಳಲ್ಲೂ ಹೀಗೇನಾ?

ಬೀಗತಿಯವರೇ, ಕೇಕು ಆರಿಸಿದವಳು ನಾನು. ಈ ವಾರವೂ ಖರೇ ಇದ್ದದ್ದೇ ಬರೆದಿದ್ದೇನೆ. ಓವನ್ ಯಾವಾಗ ಕೊಡಿಸುತ್ತೀರಿ?