ಹೆಸರು ಅದಲುಬದಲಾದ ಬುಧವಾರ

ದೀರ್ಘಕಾಲದ ಕಾಯಿಲೆಗಳ ಆರೈಕೆ ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲವೆಂದು ಭಾಷಣಗಳಲ್ಲಿ ಹೇಳಿದವರು ಬಹಳ ಮಂದಿ. ಆದರೆ ಡಾಕ್ಟರು, ದಾದಿಯರು, ಔಷಧಿ ಕೊಡುವವರು, ಪಥ್ಯ ಹೇಳುವವರು, ವ್ಯಾಯಾಮ ಮಾಡಿಸುವವರು ಎಂಬ ಐದು ಕಸುಬಿನವರನ್ನು ವಾರಕ್ಕೊಮ್ಮೆ ಆನ್‌ಲೈನ್ ತರಗತಿಯಲ್ಲಿ ಒಟ್ಟಿಗೆ ಕೂರಿಸಿ, ಒಬ್ಬ ರೋಗಿಯನ್ನು ಮುಂದಿಟ್ಟುಕೊಂಡು ಒಬ್ಬರಿಂದೊಬ್ಬರು ಕಲಿಯುವಂತೆ ಮಾಡಿದವರು ನಾನು ಕಂಡಂತೆ ಒಬ್ಬರೇ. ಮೂವತ್ತಾರು ವರ್ಷ ದಾದಿಯಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು, ಮುಖ್ಯ ವೈದ್ಯಾಧಿಕಾರಿಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ನಾವೆಲ್ಲ ಕರೆಯುವುದು ದೊಡ್ಡಕ್ಕ ಎಂದೇ. ಅವರ ವಿದ್ವತ್ತಿನ ಬಗ್ಗೆ ಬರೆಯಲು ಈ ಅಭಿನಂದನಾ ಸಂಪುಟದಲ್ಲಿ ಪದವೀಧರರು ಬೇಕಾದಷ್ಟಿದ್ದಾರೆ. ಆಸ್ಪತ್ರೆಯ ದಾಖಲೆ ಕೋಣೆಯವನಾದ ನಾನು, ಅವರ ಬಾಯಿಂದ ಬೈಸಿಕೊಳ್ಳಲೇಬೇಕಾಗಿದ್ದೂ ಬೈಸಿಕೊಳ್ಳದೆ ಉಳಿದ ಒಂದು ದಿನದ ಬಗ್ಗೆ ಬರೆಯುತ್ತೇನೆ.

ನಾನು ಸೇರಿದ್ದು ಕಡತ ಹೊರುವ ಕೆಲಸಕ್ಕೆ. ಹೊತ್ತು ತರುವಾಗ ಮೆಟ್ಟಿಲಲ್ಲೇ ನಿಂತು ಕಡತ ಓದುವ ಚಟ ನನಗೆ. ಒಮ್ಮೆ ದೊಡ್ಡಕ್ಕ ಹಿಂದಿನಿಂದ ಬಂದು ಓದುತ್ತಿರುವಾಗಲೇ ಹಿಡಿದರು. ಕೆಲಸ ಹೋಯಿತೆಂದೇ ಎಣಿಸಿದೆ. ಅವರೆಂದರು: “ಒಳಗೆ ಬಂದು ನನಗೆ ಕೇಳೋ ಹಾಗೆ ಓದು. ನನಗೂ ಕನ್ನಡಕ ಹುಡುಕೋ ಕೆಲಸ ತಪ್ಪುತ್ತೆ.” ಹಾಗೆ ಓದುತ್ತ ಓದುತ್ತ ರೋಗಗಳ ಹೆಸರು ಕಲಿತೆ, ಅವರ ಮೇಜಿನ ಹಳೇ ಕಂಪ್ಯೂಟರಿನಲ್ಲಿ ಬೆರಳೂರಿ ಟೈಪಿಂಗ್ ಕಲಿತೆ, ‘ಫೈಲಣ್ಣ’ ಎಂಬ ಬಿರುದನ್ನೂ ಪಡೆದೆ. ಆನ್‌ಲೈನ್ ತರಗತಿ ಶುರುವಾದಾಗ ಅದನ್ನು ನಡೆಸುವ ಯಂತ್ರದ ಭಾಗವನ್ನು ಅವರು ಒಪ್ಪಿಸಿದ್ದು ನನಗೇ.

ನಮ್ಮ ಇಂಟರ್ನೆಟ್ಟಿಗೆ ಎಲ್ಲರ ಮುಖ ಹೊರುವ ಶಕ್ತಿಯಿರಲಿಲ್ಲ. ಹಾಗಾಗಿ ಚಿತ್ರ ಮುಚ್ಚಿ, ಧ್ವನಿ ಮಾತ್ರ ಇಟ್ಟು, ಪರದೆಯ ಮೇಲೆ ಅವರವರ ಕಸುಬನ್ನು ಬರೆಯುತ್ತಿದ್ದೆ. ಆ ಬುಧವಾರ ಬಂದ ರೋಗಿ ಒಬ್ಬ ದರ್ಜಿ. ಸಕ್ಕರೆ ಕಾಯಿಲೆ, ಬಲಗಾಲಿನ ಬೆರಳುಗಳ ಅಡಿಯಲ್ಲಿ ಐದು ತಿಂಗಳಿಂದ ಮಾಯದ ಹುಣ್ಣು. ದೂರದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಅಂದೇ ಮೊದಲ ಸಲ ತರಗತಿಗೆ ಸೇರಿದ ಅಲ್ಲಿನ ದಾದಿಯ ಫೋನ್ ಮುಂದೆ ಕೂತಿದ್ದ. ನಮ್ಮ ಡಾಕ್ಟರ ಚೀಟಿಗಳನ್ನು ಕಂಡಿದ್ದನೇ ಹೊರತು ಅವರ ಧ್ವನಿ ಕೇಳಿದವನಲ್ಲ. ಮುಂದಿನ ವಾರ ಎರಡು ಬೆರಳು ತೆಗೆಯುವುದೆಂದು ಕಡತದಲ್ಲಿ ಆಗಲೇ ಬರೆದಾಗಿತ್ತು.

ನಾನು ಮಾಡಿದ ಘನಂದಾರಿ ಕೆಲಸವೆಂದರೆ, ಹೆಸರು ಹಾಕುವಾಗ ಪಟ್ಟಿಯಲ್ಲಿ ಒಂದು ಸಾಲು ಜಾರಿದ್ದು. ವ್ಯಾಯಾಮ ಮಾಡಿಸುವ ಹುಡುಗಿಯ ಮೇಲೆ ‘ಡಾಕ್ಟರ್’ ಎಂದೂ, ಗಡಸು ಗಂಟಲಿನ ನಮ್ಮ ಹಿರಿಯ ಡಾಕ್ಟರ ಮೇಲೆ ‘ವ್ಯಾಯಾಮ’ ಎಂದೂ ಬಿತ್ತು. ಆ ಹುಡುಗಿ ಕೇಳಿದಳು: “ಕಾಲಿಗೆ ವಿಶ್ರಾಂತಿ ಕೊಡ್ತಿದ್ದೀರಾ?”

“ಕೊಡ್ತಿದ್ದೀನಿ ಡಾಕ್ಟ್ರೇ. ನೆಲಕ್ಕೇ ಊರಲ್ಲ!”

ಅಷ್ಟರಲ್ಲಿ ಅವಳ ಸಂಪರ್ಕ ಕಡಿದು, ‘ಡಾಕ್ಟರ್’ ಎಂಬುದು ಪರದೆಯಿಂದ ಮಾಯವಾಯಿತು. ದರ್ಜಿ ಪಕ್ಕದ ದಾದಿಯನ್ನು ಕೇಳಿದ್ದು ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು: “ಹೋದ್ರಾ ಡಾಕ್ಟ್ರು?”

“ಹೋದ್ರು ಅಂತ ಕಾಣುತ್ತೆ.”

ನಮ್ಮ ಡಾಕ್ಟರು ಗುಡುಗಿದರು: “ಊರದೇ ಇದ್ರೆ ಹುಣ್ಣು ಯಾಕಪ್ಪ ದೊಡ್ಡದಾಗ್ತಿದೆ?”

“ಅಣ್ಣಾ, ನೀವು ವ್ಯಾಯಾಮದವರು, ನಿಮ್ಮ ಹತ್ರ ಏನು ಮುಚ್ಚುಮರೆ? ದಿನಕ್ಕೆ ಎಂಟು ಗಂಟೆ ಹೊಲಿಗೆ ಮಿಷನ್ ತುಳೀತೀನಿ. ಅದೇ ಕಾಲಲ್ಲಿ. ಡಾಕ್ಟರಿಗೆ ಮಾತ್ರ ಹೇಳ್ಬೇಡಿ, ಬೈತಾರೆ.”

ಹೆಸರು ಸರಿಪಡಿಸಲು ಹೋದ ನನ್ನ ಕೈಯನ್ನು ಪಕ್ಕದಲ್ಲಿದ್ದ ದೊಡ್ಡಕ್ಕ ತಡೆದು, ತಾವೇ ಹೇಳಿದರು: “ನೋಡಿಪ್ಪಾ, ಹೆಸರು ಹಾಕೋದ್ರಲ್ಲಿ ನಮ್ಮಿಂದ ತಪ್ಪಾಗಿದೆ. ನೀವೀಗ ಮಾತಾಡಿದ್ದು ಡಾಕ್ಟರ ಜೊತೇನೇ.” ಡಾಕ್ಟರು ಗುಡುಗು ಇಳಿಸಿ ಹೇಳಿದರು: “ಐದು ತಿಂಗಳಿಂದ ವಿಶ್ರಾಂತಿ, ವಿಶ್ರಾಂತಿ ಅಂತ ಬರೀತಿದ್ದೀನಿ. ಕಸುಬೇನು ಅಂತ ಒಂದು ಸಲಾನೂ ಕೇಳಿಲ್ಲ ನೋಡಿ. ಬೆರಳಿನ ಮಾತು ಒಂದು ತಿಂಗಳು ಮುಂದಕ್ಕೆ ಹಾಕೋಣ.”

ಮತ್ತೆ ಸಂಪರ್ಕಕ್ಕೆ ಬಂದ ವ್ಯಾಯಾಮದ ಹುಡುಗಿ, ಮಿಷನ್ನಿಗೆ ಮೋಟಾರು ಕೂರಿಸಿ ಎಡಗಾಲಲ್ಲಿ ನಡೆಸುವ ಉಪಾಯ ಹೇಳಿದಳು. ಔಷಧಿಯವರು ಇನ್ಸುಲಿನ್ ಸೂಜಿಯ ಹೊತ್ತನ್ನು ಅಂಗಡಿಯ ಹೊತ್ತಿಗೆ ಹೊಂದಿಸಿದರು. ಆ ಕೇಂದ್ರದ ದಾದಿ ದಿನ ಬಿಟ್ಟು ದಿನ ಅಂಗಡಿಗೇ ಹೋಗಿ ಪಟ್ಟಿ ಕಟ್ಟಿದಳು. ಒಂದು ತಿಂಗಳಿಗೆ ಹುಣ್ಣು ಅರ್ಧಕ್ಕಿಳಿಯಿತು, ನಾಲ್ಕು ತಿಂಗಳಿಗೆ ಮಾಯಿತು. ಹತ್ತು ಬೆರಳೂ ದರ್ಜಿಯ ಬಳಿಯೇ ಉಳಿದವು.

ನನ್ನನ್ನು ಬೈಯುವ ಬದಲು ದೊಡ್ಡಕ್ಕ ನನ್ನ ತಪ್ಪನ್ನೇ ಪಾಠವಾಗಿಸಿದರು. ಅಂದಿನಿಂದ ಪ್ರತಿ ತರಗತಿಯ ಮೊದಲ ಕಾಲು ಗಂಟೆ, ರೋಗಿಗೆ ಮುಂಚೆಯೇ ತಿಳಿಸಿ, ಒಬ್ಬೊಬ್ಬರೂ ಇನ್ನೊಬ್ಬರ ಹೆಸರು ಹೊತ್ತು ಆ ಕಸುಬಿನ ಪ್ರಶ್ನೆಗಳನ್ನೇ ಕೇಳಬೇಕೆಂಬ ನಿಯಮವಾಯಿತು. ಪಥ್ಯದವರ ಹೆಸರು ಹೊತ್ತ ಡಾಕ್ಟರು “ದಿನಕ್ಕೆ ಎಷ್ಟು ಟೀ?” ಎಂದು ಕೇಳಿ, ಉತ್ತರ ಬರುವ ಮೊದಲು ತಾವೇ ಒಂದು ಗುಟುಕು ಹೀರಿದ ಸದ್ದು ಕೇಳಿ ತರಗತಿಯಲ್ಲಿದ್ದ ಇಪ್ಪತ್ತೆರಡು ಕೇಂದ್ರಗಳು ನಕ್ಕಿದ್ದುಂಟು. ದರ್ಜಿಯಂತೂ ಈಗ ನಮ್ಮ ಖಾಯಂ ಅತಿಥಿ ಅಧ್ಯಾಪಕ. ಹೊಸದಾಗಿ ಸೇರಿದ ಡಾಕ್ಟರುಗಳಿಗೆ ಅವನ ಮೊದಲ ಪಾಠ: “ಸಾರ್, ಮೊದಲು ಕಸುಬು ಕೇಳಿ.”

ಕಳೆದ ಬುಧವಾರ ದೊಡ್ಡಕ್ಕನವರ ಕೊನೆಯ ತರಗತಿ. ಮುಂದಿನ ವಾರದಿಂದ ಅವರಿಗೆ ಏನೆಂದು ಹೆಸರು ಹಾಕಲಿ ಎಂದು ಕೇಳಿದೆ. “ರೋಗಿ ಅಂತ ಹಾಕು ಕಣೋ. ನನಗೂ ಬಿಪಿ ಬಂದು ಹನ್ನೊಂದು ವರ್ಷ ಆಯ್ತು,” ಎಂದು ನಕ್ಕರು. ತಕ್ಷಣ ದರ್ಜಿಯ ಧ್ವನಿ ಕೇಳಿತು:

“ದೊಡ್ಡಕ್ಕಾ, ಡಾಕ್ಟರಿಗೆ ಹೇಳ್ಬೇಡಿ, ನನ್ನ ಹತ್ರ ಹೇಳಿ. ಮಾತ್ರೆ ದಿನಾ ನುಂಗ್ತೀರಾ?”

ಮೂವತ್ತಾರು ವರ್ಷ ಎಲ್ಲರಿಗೂ ಈ ಪ್ರಶ್ನೆ ಹಾಕಿದವರು ಈಗ ತಾವೇ ಒಪ್ಪಿಕೊಂಡರು: “ಕೆಲಸಕ್ಕೆ ಬರೋ ದಿನ ನುಂಗ್ತೀನಪ್ಪ. ರಜಾ ದಿನ ಮರೆತುಹೋಗುತ್ತೆ.”

“ಇನ್ಮೇಲೆ ದಿನಾ ರಜಾನೇ ಅಲ್ವಾ ಅಕ್ಕಾ?”

ಪರದೆ ತುಂಬ ನಗು. ದೊಡ್ಡಕ್ಕನವರು ಮಾತ್ರ ಕೈಚೀಲ ತೆರೆದು ಮಾತ್ರೆಯ ಡಬ್ಬಿ ಹುಡುಕುತ್ತಿದ್ದುದನ್ನು ಪಕ್ಕದಲ್ಲಿದ್ದ ನಾನೊಬ್ಬನೇ ಕಂಡೆ. ನಿವೃತ್ತಿಯ ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನೆನಪಿಸಲು ಅವರಿಗೆ ದರ್ಜಿಯ ಫೋನ್ ಬರುತ್ತದೆ, ಅವನೇ ಮಾತು ಕೊಟ್ಟಿದ್ದಾನೆ.

ದೊಡ್ಡಕ್ಕನವರ ಆಯುಷ್ಯ ಅವರು ತುಂಬಿಸಿದ ಕಡತಗಳಂತೆ ದಪ್ಪವಾಗಿ ಬೆಳೆಯಲಿ, ನಮ್ಮ ಬುಧವಾರಗಳಿಗೆ ಅವರ ನಗು ತಪ್ಪದಿರಲಿ. ಹಾರೈಕೆ ನಮ್ಮದು, ಮಾತ್ರೆ ಅವರದು. ಅವರು ಹೇಳಿದ ಹೆಸರನ್ನು ನಾನಾಗಲೇ ಟೈಪು ಮಾಡಿಟ್ಟಿದ್ದೇನೆ. ಸಾಲು ಜಾರಿಲ್ಲವೆಂದು ಈ ಸಲ ಎರಡೆರಡು ಬಾರಿ ನೋಡಿದ್ದೇನೆ.