ಏಳು ಪೆಟ್ಟಿನ ಹೊಳೆ

ಬೇಯಿಸಿದ ಭತ್ತದ ವಾಸನೆ ಬಂದರೆ ಕೆಲವರಿಗೆ ಹಸಿವಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಶನಿವಾರ ಶಾಲೆ ಮುಗಿಸಿ ಕಂಪ್ಲಿಯ ಬಸ್ಸು ಹತ್ತಿದ್ದೆ. ಊರು ಇನ್ನೂ ಅಷ್ಟು ದೂರ ಇರುವಾಗಲೇ ಕಿಟಕಿಯಿಂದ ಆ ಬೆಚ್ಚಗಿನ, ತುಸು ಹುಳಿ ಬೆರೆತ ವಾಸನೆ ನುಗ್ಗಿತು. ನನ್ನ ಮುಖ ಕಂಡ ಪಕ್ಕದವರು, “ವಾಂತಿ ಬಂದಂಗ ಆಗ್ತೈತೇನ್ರಿ? ಕಿಟಕಿ ಕಡೆ ಕುಂದ್ರಿ” ಎಂದು ಜಾಗ ಬಿಟ್ಟುಕೊಟ್ಟರು. ವಾಂತಿಯಲ್ಲ ಸ್ವಾಮಿ, ಇದು ಬಸವರಾಜನೆಂಬ ಡ್ರಮ್ಮರನ ಮೇಲಿನ ಹದಿಮೂರು ವರ್ಷದ ಸಿಟ್ಟು ಎಂದು ಅವರಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು.

ನಾವು ಮೂವರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಕಂಪ್ಲಿಯಲ್ಲಿ ಅಪ್ಪನ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ ಬಸವರಾಜ ಡ್ರಮ್ಸಿಗೆ. ಕುರೆಕುಪ್ಪದಲ್ಲಿ ಮನೆ ಮಾಡಿಕೊಂಡು ಉಕ್ಕಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದ ಮಂಜುನಾಥ ಗಿಟಾರಿಗೆ. ಹೊಸಪೇಟೆಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾದ ನಾನು ಕೀಬೋರ್ಡಿಗೆ. ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯದ್ದಲ್ಲ. ಪ್ರೊಗ್ರೆಸಿವ್ ರಾಕ್! ಇದನ್ನು ನಮ್ಮ ಅತ್ತೆಗೆ ಒಮ್ಮೆ ವಿವರಿಸಿದ್ದೆ: ಒಂದೊಂದು ಹಾಡು ಇಪ್ಪತ್ತು ನಿಮಿಷ ಇರುತ್ತದೆ, ನಮ್ಮದರಲ್ಲಿ ಹಾಡುವವರು ಇರುವುದಿಲ್ಲ, ತಾಳ ಹಿಡಿದ ಜಾಗದಲ್ಲಿ ನಿಲ್ಲುವುದಿಲ್ಲ. ಅವರು ಪಾಪ, ಬಹಳ ಹೊತ್ತು ಯೋಚಿಸಿ, “ಹಂಗಾರ ಅದರಾಗ ಇರೋದರ ಏನಪ?” ಎಂದಿದ್ದರು.

ಇದ್ದದ್ದು ನಮ್ಮ ‘ಹೊಳೆ’. ಇಪ್ಪತ್ತೊಂದು ನಿಮಿಷದ್ದು. ಡ್ಯಾಮಿನ ಗೇಟು ಎತ್ತಿದಲ್ಲಿಂದ ತುಂಗಭದ್ರೆ ಹಂಪಿಯ ಬಂಡೆಗಳ ನಡುವೆ ನುಸುಳಿ ಕಂಪ್ಲಿ ಮುಟ್ಟುವವರೆಗೆ. ಅದು ಹುಟ್ಟಿದ್ದು ಬಸವರಾಜನ ಗಿರಣಿಯಲ್ಲಿ. ಯಂತ್ರದ ಬೆಲ್ಟು ಹರಿದ ಕಡೆ ಜೋಡು ಹಾಕಿದ್ದರು. ಆ ಜೋಡು ಗಾಲಿಯ ಮೇಲೆ ಬಂದಾಗಲೆಲ್ಲ ಧಪ್ ಎನ್ನುತ್ತಿತ್ತು. ಎರಡು ಧಪ್ಪಿನ ನಡುವೆ ಸರಿಯಾಗಿ ಏಳು ಎಣಿಸಬಹುದೆಂದು ಕಂಡುಹಿಡಿದವನು ಅವನೇ. ಏಳು ಪೆಟ್ಟಿನ ತಾಳವನ್ನು ನಾವು ಅಂಕಿಯಲ್ಲಿ ಎಣಿಸುತ್ತಿರಲಿಲ್ಲ, ಊರಿನ ಹೆಸರಲ್ಲಿ ಎಣಿಸುತ್ತಿದ್ದೆವು. ಹೊ-ಸ-ಪೇ-ಟೆ ನಾಲ್ಕು, ಸಂ-ಡೂ-ರು ಮೂರು. ಎರಡನೇ ಭಾಗದಲ್ಲಿ ಹೊಳೆ ಉಕ್ಕುವಾಗ ತಾಳ ಒಂಬತ್ತಕ್ಕೆ ಏರಬೇಕು. ಅಲ್ಲಿ ಸಂಡೂರು ಬಿಟ್ಟು ಕ-ಮ-ಲಾ-ಪು-ರ ಹಿಡಿಯುವುದು. ಕೇಳಿದವರು ನಮ್ಮನ್ನು ಬಸ್ಸಿನ ಏಜೆಂಟರೆಂದುಕೊಳ್ಳಬೇಕು, ಹಾಗೆ ಮೂವರೂ ಗುನುಗುತ್ತಿದ್ದೆವು.

ನಾನು ಮನೆಯಲ್ಲಿ ಕುಳಿತು ಚೆಂದಾಗಿ ಬರೆದುಕೊಂಡು ಹೋದದ್ದು ಒಂದೂ ‘ಹೊಳೆ’ಯಲ್ಲಿ ಉಳಿಯಲಿಲ್ಲ. ಉಳಿದದ್ದೆಲ್ಲ ಜಗಳದಲ್ಲಿ ಹುಟ್ಟಿದ್ದು. ನೀರು ಗೇಟಿನಿಂದ ಹೇಗೆ ಬೀಳಬೇಕೆಂಬುದಕ್ಕೇ ಎರಡು ತಿಂಗಳು ಕಿತ್ತಾಡಿದೆವು. ಶಿಫ್ಟು ಮುಗಿಸಿ ಬಂದ ಮಂಜುನಾಥ ಗಿಟಾರ್ ತಬ್ಬಿಕೊಂಡು ಅಕ್ಕಿ ಚೀಲದ ಮೇಲೆ ನಿದ್ದೆ ಹೋಗುತ್ತಿದ್ದ. ಎದ್ದವನೇ ನಾವಿಬ್ಬರೂ ಹುಡುಕಿ ಸೋತ ಸ್ವರವನ್ನು ನುಡಿಸಿಬಿಡುತ್ತಿದ್ದ. ಅಂಥ ದಿನ ನನ್ನ ಹೊಟ್ಟೆ ಉರಿಯುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಕಮಲಾಪುರದ ಹತ್ತಿರ ಒಂದು ರೆಸಾರ್ಟಿನಲ್ಲಿ ಸಂಜೆ ಬಾರಿಸಲು ಕರೆದರು. ನಮ್ಮ ಮೊದಲ ಕಾರ್ಯಕ್ರಮ. ಬಾರಿಸತೊಡಗಿ ಒಂಬತ್ತು ನಿಮಿಷವಾಗಿತ್ತು, ಮ್ಯಾನೇಜರ್ ಬಗ್ಗಿಕೊಂಡು ಬಂದು ನನ್ನ ಕಿವಿಯಲ್ಲಿ, “ಸರ್, ಹಾಡು ಯಾವಾಗ ಶುರು ಮಾಡ್ತೀರಿ?” ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಅದಾದ ಸ್ವಲ್ಪ ಹೊತ್ತಿಗೆ ಜನ ಚಪ್ಪಾಳೆ ತಟ್ಟತೊಡಗಿದರು, ಒಂದು ಎರಡು ಮೂರು ನಾಲ್ಕು ಎಂದು, ಭಜನೆಗೆ ತಟ್ಟಿದಂತೆ. ನೋಡಿದರೆ ನಮ್ಮ ಬಸವರಾಜ, ಏಳನ್ನು ಹುಡುಕಿ ತಂದ ಮಹಾನುಭಾವ, ಅದೇ ನಾಲ್ಕನ್ನು ಬಾರಿಸುತ್ತಿದ್ದಾನೆ! ಕೆಲವರು ಎದ್ದು ಕುಣಿದರು. ಹೊಳೆ ಹರಿದು ಚರಂಡಿ ಸೇರಿತು. ಮುಗಿದ ಮೇಲೆ ನಾನು ಕೀಬೋರ್ಡ್ ಚೀಲಕ್ಕೆ ತುಂಬಿ, “ಜನ ಚಪ್ಪಾಳೆ ತಟ್ಟಿದ ಕಡೆ ಬಗ್ಗೋ ಡ್ರಮ್ಮರ್ ಜೋಡಿ ಇನ್ನ ನಾ ಬಾರ್ಸಂಗಿಲ್ಲ” ಎಂದೆ. ಅವನು ತಲೆ ತಗ್ಗಿಸಿ ತಾಳದ ತಟ್ಟೆ ಒರೆಸುತ್ತಿದ್ದ. ಒಂದು ಮಾತು ಆಡಲಿಲ್ಲ. ತಪ್ಪಿತಸ್ಥನ ಮೌನ ಎಂದುಕೊಂಡೆ. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಹದಿಮೂರು ವರ್ಷ ನಾನು ಯಾರ ಜೊತೆಗೂ ಬಾರಿಸಲಿಲ್ಲ. ಸಿಕ್ಕವರಿಗೆಲ್ಲ ಕಲೆ ಮಾರಿಕೊಂಡವನ ಕಥೆ ಹೇಳಿದೆ.

ಕಳೆದ ವಾರ ಮಂಜುನಾಥ ಮನೆಗೆ ಬಂದ. ಮನೆ ಬದಲಿಸುವಾಗ ಹಳೆಯ ಪೆನ್‌ಡ್ರೈವ್ ಸಿಕ್ಕಿತಂತೆ. ರೆಸಾರ್ಟಿನ ಆ ಸಂಜೆ ಮೈಕಿನವನು ಒಬ್ಬೊಬ್ಬರದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಅದರಲ್ಲಿ ತುಂಬಿಕೊಟ್ಟಿದ್ದ. “ನಿಂದೊಂದ ಹಚ್ತೀನಿ, ಕೇಳು” ಎಂದು ಲ್ಯಾಪ್‌ಟಾಪ್ ತೆರೆದ. ಮಾತಾಡಲೆಂದು ನನ್ನ ಮುಂದೆ ಇಟ್ಟಿದ್ದ ಮೈಕಿನಲ್ಲಿ ನನ್ನ ಗುನುಗೂ ಸೇರಿತ್ತು. ಹೊಸಪೇಟೆ ಸಂಡೂರು, ಹೊಸಪೇಟೆ ಸಂಡೂರು. ಮ್ಯಾನೇಜರನ ಪಿಸುಮಾತು. ಅದರ ಬೆನ್ನಿಗೇ ನನ್ನ ಬಾಯಲ್ಲಿ, ಇನ್ನೂ ಮೊದಲ ಭಾಗದಲ್ಲೇ, ಹೊಸಪೇಟೆ ಕಮಲಾಪುರ! ಕುಳಿತಿದ್ದ ಊರೇ ಬಾಯಿಗೆ ಬಂದಿತ್ತು. ಅವರಿಬ್ಬರೂ ಏಳರಲ್ಲಿ, ಲೆಕ್ಕದ ಮೇಷ್ಟ್ರು ಒಂಬತ್ತರಲ್ಲಿ. ಮಂಜುನಾಥ ಡ್ರಮ್ಸನ್ನೂ ಸೇರಿಸಿ ಹಚ್ಚಿದ. ಬಸವರಾಜ ನನ್ನನ್ನು ಹಿಡಿಯಲು ಎರಡು ಸಲ ನೋಡಿ, ಆಗದೆ, ಮೂವರೂ ಕಾಲೂರಬಹುದಾದ ನಾಲ್ಕಕ್ಕೆ ಇಳಿದಿದ್ದ. ಚಪ್ಪಾಳೆ ಬಂದದ್ದು ಅದಾದ ಮೇಲೆ.

ಅದಕ್ಕೇ ಕಂಪ್ಲಿಗೆ ಹೊರಟಿದ್ದೆ. ಕ್ಷಮೆ ಕೇಳಲು ಎಂದುಕೊಂಡಿರಾ? ಬೈಯಲು! ಇಷ್ಟು ವರ್ಷ ನನ್ನನ್ನು ಮೂರ್ಖನಾಗಿ ತಿರುಗಾಡಲು ಬಿಟ್ಟನಲ್ಲ, ಆ ಸಿಟ್ಟಿಗೆ.

ಗಿರಣಿಯ ಮುಂದೆ ಭತ್ತ ಒಣಹಾಕಿಸುತ್ತಿದ್ದವನನ್ನು ಹಿಡಿದು ನಿಲ್ಲಿಸಿದೆ. “ತಪ್ಪಿದ್ದು ನಾನು ಅಂತ ಯಾಕ ಹೇಳ್ಲಿಲ್ಲಲೇ?”

ಅವನ ಕೂದಲೆಲ್ಲ ಬೆಳ್ಳಗಾಗಿತ್ತು. ಧೂಳೋ ವಯಸ್ಸೋ ತಿಳಿಯಲಿಲ್ಲ. “ನಾ ಯಾಕ ಹೇಳ್ಬೇಕು?” ಎಂದ. “ಬ್ಯಾಂಡಿನಾಗ ಇದ್ದಿ, ಕೇಳ್ಬೇಕಿತ್ತು. ನಿನ್ನ ಎಣಿಕಿ ಬಿಟ್ರ ನೀ ಯಾವತ್ತು ಏನರ ಕೇಳಿಯಪ?”

ಜೊತೆಗೆ ಕುಳಿತು ಬಾರಿಸಿದ ಅಷ್ಟು ತಿಂಗಳಲ್ಲಿ ಅವನ ಡ್ರಮ್ಸನ್ನು ನಾನು ಪೂರ್ತಿ ಕೇಳಿದ್ದು ಮಂಜುನಾಥನ ಲ್ಯಾಪ್‌ಟಾಪಿನಲ್ಲೇ ಮೊದಲು. ಭಾಳ ಚೆನ್ನಾಗಿ ಬಾರಿಸಿದ್ದ ಮಾರಾಯ. ಅದನ್ನು ಹೇಳುವ ಬದಲು ಕಾಲಿನಿಂದ ಭತ್ತ ಕೆದರಿದೆ.

“ಸಿಟ್ಟು ಹೋತೇನು?” ಎಂದು ಅವನೇ ಕೇಳಿದ.

“ಇಲ್ಲ” ಎಂದೆ.

“ಹಂಗಾರ ಜಲ್ದಿ ಕೀಬೋರ್ಡ್ ತಗೊಂಡು ಬಾ. ಸಿಟ್ಟಿದ್ದಾಗ ನೀ ಮಸ್ತ್ ಬಾರಿಸ್ತಿ.”

ಅಷ್ಟು ಹೇಳಿ ಭತ್ತದ ಕಡೆ ಹೊರಟುಹೋದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹದಿಮೂರು ವರ್ಷದ ಸಿಟ್ಟು! ಅಷ್ಟರಲ್ಲಿ ಎಷ್ಟು ಬಾರಿಸಬಹುದಿತ್ತು.