ಮೂರು ಶಾಲೆಗೊಬ್ಬಳೇ ನರ್ಸ್

ವರ್ನಾ ಸ್ಟಿಡಮ್ ನಮ್ಮ ಕೆಂಟಕಿ ಬೆಟ್ಟಸೀಮೆಯ ಮೂರು ಸರ್ಕಾರಿ ಶಾಲೆಗಳಿಗೆ ಒಬ್ಬಳೇ ನರ್ಸ್. ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೆ ಶಾಲೆಗಳನ್ನು ನಡೆಸುವ ಊರಿನ ತೆರಿಗೆ ಬತ್ತಿತು. ಉಳಿದ ನರ್ಸ್‌ಗಳನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸಿದರು. ಊಟದ ಹೊತ್ತಿನಲ್ಲೂ ಅವಳು ಕಾರಿನಲ್ಲೇ ಇರುತ್ತಿದ್ದಳು. ಮೇಲಿನ ಕಣಿವೆಯ ಶಾಲೆಯಲ್ಲಿ ನಾನು ಗುಮಾಸ್ತೆ.

ಕೊರೊನಾ ಬಂದ ವರ್ಷದ ಚಳಿಗಾಲ. ಮೂರನೇ ತರಗತಿಯ ಟೆಸ್ಸಾಳನ್ನು ಅವಳ ಟೀಚರು ನನ್ನ ಬಾಗಿಲವರೆಗೆ ತಂದು, ತಾವು ಮಾರು ದೂರ ಸರಿದು ನಿಂತರು.

"ಒಂದೇ ಸಮ ಕೆಮ್ತಿದಾಳೆ, ಡಾರ್ಲೀನ್. ಅದೇ ಇರ್ಬೇಕು. ಮುಟ್ಬೇಡಿ!"

ಹುಡುಗಿಯ ತುಟಿ ನೀಲಿಗಟ್ಟಿತ್ತು. ಆಂಬ್ಯುಲೆನ್ಸ್‌ಗೆ ಕರೆ ಮಾಡಿದೆ. ಪಕ್ಕದ ಜಿಲ್ಲೆಯಿಂದ ಬರಬೇಕು ಎಂದರು. ವರ್ನಾಗೆ ಫೋನ್ ಹಚ್ಚಿದೆ. ಅವಳು ಕೆಳಗಿನ ಶಾಲೆಯಿಂದ ನಮ್ಮಲ್ಲಿಗೆ ಬರಲು ಆಗಲೇ ಕಾರು ಹತ್ತಿದ್ದಳು.

"ಅದು ಆಸ್ತಮಾ ಕಣೇ! ನನ್ನ ಕಪಾಟಲ್ಲಿ ಅವಳ ಇನ್ಹೇಲರ್ ಇದೆ."

"ಬೀಗ ಹಾಕಿದೆ, ವರ್ನಾ!"

"ಒಡೆದ್ಹಾಕು! ಅವಳನ್ನ ಮಲಗಿಸ್ಬೇಡ, ನೆಟ್ಟಗೆ ಕೂರ್ಸು. ಬೆನ್ನಿಗೆ ನೀನೇ ಆಸರೆ ಕೊಡು..."

ತಿರುವಿನಲ್ಲಿ ಸಿಗ್ನಲ್ ಹೋಯಿತು.

ಗಣಿಯ ಧೂಳು ಕುಡಿದು ಅರ್ಧ ಶ್ವಾಸಕೋಶದಲ್ಲಿ ಬದುಕಿರುವ ಗಂಡ ನನ್ನ ಮನೆಯಲ್ಲಿದ್ದ. ಆ ರೋಗ ಮನೆಗೆ ಹೊಕ್ಕರೆ ಅವನು ಉಳಿಯುವವನಲ್ಲ. ಕಾಲು ಕಿತ್ತಿಡಲಾಗಲಿಲ್ಲ. ಅಷ್ಟರಲ್ಲಿ ಹುಡುಗಿ ನನ್ನ ಸ್ವೆಟರಿನ ತುದಿ ಹಿಡಿದಳು. ಕೂತುಬಿಟ್ಟೆ, ಎದೆಗೆ ಆನಿಸಿಕೊಂಡೆ. ಕಸ ಗುಡಿಸುವ ಹಾಬರ್ಟ್ ಸುತ್ತಿಗೆ ತಂದು ಬೀಗ ಒಡೆದು, ಇನ್ಹೇಲರ್ ತೆಗೆದುಕೊಟ್ಟ. ಔಷಧಿ ಒಳಗೆ ಹೋದರೂ ಅವಳ ಪಕ್ಕೆಲುಬುಗಳು ಏದುಸಿರಿಗೆ ಎದ್ದೆದ್ದು ಬೀಳುತ್ತಲೇ ಇದ್ದವು.

ವರ್ನಾ ಬಂದಳು. ಕಾರಿನ ಬಾಗಿಲನ್ನೂ ಮುಚ್ಚದೆ ಓಡಿ ಬಂದು ನೆಲಕ್ಕೆ ಮಂಡಿಯೂರಿ, "ನನ್ನ ಮುಖ ನೋಡು ಪುಟ್ಟಿ, ನನ್ ಜೊತೆ ಉಸಿರು ಬಿಡು" ಎಂದಳು. ಆಂಬ್ಯುಲೆನ್ಸ್ ಬರುವ ಹೊತ್ತಿಗೆ ತುಟಿಗೆ ಬಣ್ಣ ಮರಳಿತ್ತು. ಆಮೇಲೆ ವರ್ನಾ ಹೋಗಿ ಕಾರಿನ ಬಾಗಿಲು ಮುಚ್ಚಿದಳು.

ವಸಂತದಲ್ಲಿ ವಾಷಿಂಗ್ಟನ್ನಿನ ಸರ್ಕಾರದಿಂದ ಶಾಲೆಗಳಿಗೆ ಕೊರೊನಾ ಪರಿಹಾರದ ಹಣ ಬಂತು. ಶಾಲಾ ಮಂಡಳಿ ಸಭೆ ಸೇರಿತು. ಆ ಹಣದಲ್ಲಿ ಇನ್ನಿಬ್ಬರು ನರ್ಸ್‌ಗಳನ್ನು ಕೊಡಿ ಎಂದು ವರ್ನಾ ಕೇಳಿದಳು. ಜಿಲ್ಲೆಯ ಶಾಲೆಗಳ ಮುಖ್ಯಸ್ಥ ರೇಮಿ ಕೆಟ್ಟವರಲ್ಲ, ಹೆದರಿದ್ದರು.

"ಇದು ಒಂದ್ಸಲ ಬಂದು ಹೋಗೋ ದುಡ್ಡು, ವರ್ನಾ. ನರ್ಸ್‌ಗಳನ್ನ ತಗೊಂಡ್ರೆ ನಾಳೆ ಸಂಬಳ ಯಾರ ಮನೆಯಿಂದ ತರ್ಲಿ? ಸೋರೋ ಚಾವಣಿ ಹಾಕ್ಸಿದ್ರೆ ಅದಾದ್ರೂ ಉಳಿಯುತ್ತೆ."

"ಚಾವಣಿ ಉಳಿಯುತ್ತೆ ಸಾರ್. ಅದರ ಕೆಳಗೆ ಕೂರೋ ಮಕ್ಕಳು? ಅವತ್ತು ನಾನು ತಲುಪಿದೆ. ಇನ್ನೊಂದ್ಸಲ ತಲುಪ್ತೀನಿ ಅಂತ ನನಗೇ ನಂಬಿಕೆ ಇಲ್ಲ."

ಕೈ ಎತ್ತಿಸಿದಾಗ ಇಬ್ಬರು ಪರ, ಇಬ್ಬರು ವಿರೋಧ. ಕೊನೆಗುಳಿದವನು ಹಾರ್ಡ್‌ವೇರ್ ಅಂಗಡಿಯ ಕ್ಲೈಡ್. ಚಾವಣಿಯ ತಗಡು ಮಾರುವವನು. ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ವ್ಯಾಪಾರ ಕಳ್ಕೊಂಡೆ ಅಂತ ನನ್ನ ಹೆಂಡ್ತಿ ಬಯ್ತಾಳೆ," ಎನ್ನುತ್ತಾ ನರ್ಸ್‌ಗಳ ಕಡೆಗೆ ಕೈ ಎತ್ತಿದ.

ಇನ್ನಿಬ್ಬರು ನರ್ಸ್‌ಗಳು ಬಂದರು. ಆ ಹಣ ಮುಗಿದಾಗ ರೇಮಿ ಹೇಳಿದಂತೆಯೇ ಆಯಿತು. ಇಬ್ಬರಿಗೂ ಕೆಲಸದಿಂದ ತೆಗೆಯುವ ಪತ್ರ ಬಂತು. ನಿವೃತ್ತಿಗೆ ಸಿದ್ಧಳಾಗಿದ್ದ ವರ್ನಾ ಅದನ್ನು ಮುಂದೂಡಿ, ಶಾಲೆಗಳ ತೆರಿಗೆ ಸ್ವಲ್ಪ ಏರಿಸಲು ಒಪ್ಪಿರೆಂದು ಮನೆಮನೆ ಬಾಗಿಲು ತಟ್ಟಿದಳು. ಕೆಲವರು ನಾಯಿ ಬಿಟ್ಟರು, ಟೆಸ್ಸಾಳ ಅಜ್ಜಿ ಜೋಳದ ರೊಟ್ಟಿ ಕೊಟ್ಟು ಜೊತೆಗೆ ನಡೆದಳು. ಜನ ಒಬ್ಬ ನರ್ಸ್‌ನ ಸಂಬಳಕ್ಕಾಗುವಷ್ಟು ಏರಿಕೆಗೆ ಒಪ್ಪಿದರು, ಇಬ್ಬರಿಗಾಗುವಷ್ಟಕ್ಕಲ್ಲ.

"ಅರ್ಧ ಗೆದ್ದೆ ಕಣೇ," ಎಂದಳು ವರ್ನಾ. ಅವಳ ಮುಖದಲ್ಲಿ ಗೆಲುವಿರಲಿಲ್ಲ.